ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಅಮೆರಿಕದ ಹೊಸ ಸಾಲದ ನಿಯಮ ಮತ್ತು ಜೆನೆಟಿಕ್ ಕೌನ್ಸೆಲಿಂಗ್ ವಿದ್ಯಾರ್ಥಿಗಳು

2025ರ ನವೆಂಬರ್‌ನಲ್ಲಿ ಅಮೆರಿಕದಿಂದ ಬಂದ ಒಂದು ಸುದ್ದಿ ಬಹಳ ಜನರನ್ನು ಗೊಂದಲಕ್ಕೆ ದೂಡಿತು. ‘ನರ್ಸಿಂಗ್ ಇನ್ನು ಪ್ರೊಫೆಷನಲ್ ಡಿಗ್ರಿ ಅಲ್ಲವಂತೆ. ಫಿಸಿಯೋಥೆರಪಿಯೂ ಅಲ್ಲವಂತೆ.’ ಹಾಗಾದರೆ ಆ ಡಿಗ್ರಿಗೆ ಬೆಲೆ ಇಲ್ವಾ? ಲೈಸೆನ್ಸ್ ಹೋಯ್ತಾ? ಓದಿ ಮುಗಿಸಿದವರಿಗೆ ಕೆಲಸ ಸಿಗಲ್ವಾ? ಮಕ್ಕಳನ್ನು ಅಲ್ಲಿ ಓದಿಸುತ್ತಿರುವ ಕನ್ನಡದ ಮನೆಗಳಲ್ಲೂ ಇದೇ ಪ್ರಶ್ನೆ.

ಆ ಗದ್ದಲದಲ್ಲಿ ನರ್ಸ್‌ಗಳ ದನಿ ಎಲ್ಲರಿಗೂ ಕೇಳಿಸಿತು. ಅವರು ಲಕ್ಷಗಟ್ಟಲೆ ಇದ್ದಾರೆ. ಕೇಳಿಸದೇ ಹೋದದ್ದು ಒಂದು ಪುಟ್ಟ ವೃತ್ತಿಯ ಕಥೆ. ಜೀನಿನ ಮೂಲಕ ಮನೆತನದಲ್ಲಿ ಇಳಿದುಬರುವ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವ ಜೆನೆಟಿಕ್ ಕೌನ್ಸೆಲರ್‌ಗಳು ಇಡೀ ಅಮೆರಿಕದಲ್ಲಿ ಕೆಲವೇ ಸಾವಿರ. ಪ್ರತಿ ವರ್ಷ ಹೊಸದಾಗಿ ಓದಲು ಸೇರುವವರು ಕೆಲವೇ ನೂರು. ಆದರೆ ಹೊಸ ನಿಯಮ ಒಂದು ವೃತ್ತಿಯ ಒಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನು ನೋಡಬೇಕಾದರೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಈ ಓದಿಗೆ ಸೇರುವ ಮೊದಲೇ ಹಣ ಇಲ್ಲದವರನ್ನು ಸೋಸಿ ಹಾಕುವ ಜರಡಿಗಳು ಹಲವು ಇವೆ. ಈಗ ಬರುತ್ತಿರುವುದು ಅವುಗಳ ಮೇಲೆ ಇನ್ನೊಂದು.

ಸುದ್ದಿಯಲ್ಲಿ ನಿಜವಾಗಿ ಇರುವುದೇನು?

ಮೊದಲು ಗಾಬರಿ ಬಿಡಿಸೋಣ. ಯಾರ ಡಿಗ್ರಿಯೂ ರದ್ದಾಗಿಲ್ಲ. ಯಾರ ಲೈಸೆನ್ಸಿಗೂ ತೊಂದರೆ ಇಲ್ಲ. ಇದು ಪೂರ್ತಿಯಾಗಿ ವಿದ್ಯಾರ್ಥಿ ಸಾಲದ ವಿಷಯ.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ‘ಒನ್ ಬಿಗ್ ಬ್ಯೂಟಿಫುಲ್ ಬಿಲ್’ ಎಂಬ ಕಾಯ್ದೆಗೆ ಸಹಿ ಹಾಕಿದರು. ತೆರಿಗೆಯಿಂದ ಹಿಡಿದು ಆರೋಗ್ಯ ವಿಮೆಯವರೆಗೆ ನೂರೆಂಟು ವಿಷಯಗಳಿರುವ ಆ ಕಾಯ್ದೆಯಲ್ಲಿ ಒಂದು ಭಾಗ ಸ್ನಾತಕೋತ್ತರ ಓದಿನ ಸಾಲಕ್ಕೆ ಸಂಬಂಧಿಸಿದ್ದು. ಇದುವರೆಗೆ ‘ಗ್ರ್ಯಾಡ್ ಪ್ಲಸ್’ ಎಂಬ ಸರ್ಕಾರಿ ಸಾಲ ಇತ್ತು. ಕಾಲೇಜಿನ ಫೀಸು, ಬಾಡಿಗೆ, ಊಟ, ಪುಸ್ತಕ ಎಲ್ಲ ಸೇರಿಸಿ ಕಾಲೇಜು ಹೇಳುವ ಒಟ್ಟು ಖರ್ಚಿನ ತನಕ ಈ ಸಾಲ ಸಿಗುತ್ತಿತ್ತು. ಹೊಸ ಕಾಯ್ದೆ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಇದು ಬಂದ್.

ಉಳಿಯುವುದು ಮಿತಿ ಇರುವ ಸಾಲ. ಆ ಮಿತಿ ಎರಡು ಥರ. ‘ಪ್ರೊಫೆಷನಲ್’ ವಿದ್ಯಾರ್ಥಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್. ಉಳಿದ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್. ಅಂದರೆ ‘ಪ್ರೊಫೆಷನಲ್’ ಎಂಬ ಒಂದು ಪದದ ಮೇಲೆ ವರ್ಷಕ್ಕೆ 29,500 ಡಾಲರ್ ನಿಂತಿದೆ. ಎಲ್ಲರೂ ಆ ಪಟ್ಟಿಯ ಹಿಂದೆ ಬಿದ್ದದ್ದು ಇದಕ್ಕೇ.

ಪಟ್ಟಿ ಬಂದದ್ದು ಹೇಗೆ? ಕಾಯ್ದೆಯು ‘ಪ್ರೊಫೆಷನಲ್ ಡಿಗ್ರಿ’ಗೆ ಹಳೆಯ ಸರ್ಕಾರಿ ನಿಯಮದ ವ್ಯಾಖ್ಯಾನವನ್ನೇ ಹಿಡಿಯಿತು. ಆ ನಿಯಮದಲ್ಲಿ ವೈದ್ಯಕೀಯ, ದಂತವೈದ್ಯ, ಫಾರ್ಮಸಿ, ಕಾನೂನು, ಪಶುವೈದ್ಯ, ದೇವತಾಶಾಸ್ತ್ರ ಹೀಗೆ 10 ಓದುಗಳ ಹೆಸರಿತ್ತು. ಅವು ಉದಾಹರಣೆಗಳು ಮಾತ್ರ, ಇಷ್ಟೇ ಅಂತ ಏನಿಲ್ಲ ಎಂಬ ಮಾತೂ ಅದರಲ್ಲೇ ಇತ್ತು. ಶಿಕ್ಷಣ ಇಲಾಖೆ ಕರೆದ ಸಮಿತಿ 2025ರ ನವೆಂಬರ್‌ನಲ್ಲಿ ಒಂದು ಕರಡು ನಿಯಮಕ್ಕೆ ಒಪ್ಪಿತು. ಆ ಹತ್ತಕ್ಕೆ ಕ್ಲಿನಿಕಲ್ ಸೈಕಾಲಜಿ ಸೇರಿಸಿ 11 ಮಾಡಿತು. ಬೇರೆ ಓದು ಒಳಗೆ ಬರಬೇಕಾದರೆ ಈ 11ರ ಗುಂಪಿನ ಕೋಡ್ ನಂಬರ್ ಅದಕ್ಕೂ ಇರಬೇಕು ಎಂದಿತು.

ಈ ಕೋಡ್ ನಂಬರ್ ವಿಷಯ ಸ್ವಲ್ಪ ನೋಡಬೇಕು. ಅಮೆರಿಕದಲ್ಲಿ ಪ್ರತಿ ಕೋರ್ಸಿಗೂ ಅಂಕಿಅಂಶ ಇಡಲು ಒಂದು ಸರ್ಕಾರಿ ನಂಬರ್ ಇದೆ. ಜೆನೆಟಿಕ್ ಕೌನ್ಸೆಲಿಂಗ್‌ನ ನಂಬರ್ 51.1509. ಇದು ಮಾನಸಿಕ ಮತ್ತು ಸಾಮಾಜಿಕ ಆರೋಗ್ಯ ಸೇವೆಗಳ ಗುಂಪು. 11 ಓದುಗಳಲ್ಲಿ ಒಂದೂ ಈ ಗುಂಪಿನಲ್ಲಿಲ್ಲ. ಹಾಗಾಗಿ ಹೊರಗೆ.

ಹಳೆಯ ನಿಯಮದ ಮೂಲ ಮಾತು ಓದಿದರೆ ಮನಸ್ಸಿಗೆ ಬೇರೆಯೇ ಅನಿಸುತ್ತದೆ. ವೃತ್ತಿ ಶುರು ಮಾಡಲು ಬೇಕಾದ ಓದು ಅದಾಗಿರಬೇಕು, ಬ್ಯಾಚುಲರ್ ಡಿಗ್ರಿಗಿಂತ ಮೇಲಿನ ಕೌಶಲ ಇರಬೇಕು, ಸಾಮಾನ್ಯವಾಗಿ ಲೈಸೆನ್ಸ್ ಬೇಕಾಗಿರಬೇಕು. ಜೆನೆಟಿಕ್ ಕೌನ್ಸೆಲಿಂಗ್‌ಗೆ ಈ ಮೂರೂ ಒಪ್ಪುತ್ತವೆ. ಮಾಸ್ಟರ್ಸ್ ಇಲ್ಲದೆ ಈ ಕೆಲಸಕ್ಕೆ ಪ್ರವೇಶವೇ ಇಲ್ಲ. 30ಕ್ಕೂ ಹೆಚ್ಚು ರಾಜ್ಯಗಳು ಲೈಸೆನ್ಸ್ ಕೇಳುತ್ತವೆ. ಅರ್ಥದಲ್ಲಿ ಒಳಗಿರುವ ಓದು ನಂಬರಿನಲ್ಲಿ ಹೊರಗೆ ಬಿತ್ತು.

ಜೆನೆಟಿಕ್ ಕೌನ್ಸೆಲರ್ ಮಾಡುವ ಕೆಲಸ

‘ಕೌನ್ಸೆಲರ್’ ಎಂದ ಕೂಡಲೇ ಸುಮ್ನೆ ಕೂತು ಸಮಾಧಾನ ಹೇಳುವವರು ಎಂದು ಹಲವರು ಭಾವಿಸುತ್ತಾರೆ. ಕೆಲಸ ಶುರುವಾಗುವುದು ಒಂದು ಚಿತ್ರದಿಂದ.

ಎದುರಿಗೆ ಕೂತ ಕುಟುಂಬವನ್ನು ಕೇಳುತ್ತಾ ಮೂರು ತಲೆಮಾರಿನ ವಂಶವೃಕ್ಷ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರಿಗೆ ಒಳಗೆ ಮಸಿ ತುಂಬಬೇಕು. ತೀರಿಹೋದವರ ಮೇಲೆ ಓರೆ ಗೆರೆ. ಯಾರಿಂದ ವಿಚಾರಣೆ ಶುರುವಾಯಿತೋ ಅವರಿಗೊಂದು ಬಾಣದ ಗುರುತು. ಗಂಡ ಹೆಂಡತಿ ನಡುವೆ ಒಂದು ಅಡ್ಡ ಗೆರೆ. ಇಬ್ಬರೂ ರಕ್ತಸಂಬಂಧಿಗಳಾಗಿದ್ದರೆ ಅಲ್ಲಿ ಜೋಡಿಗೆರೆ.

ಈ ಜೋಡಿಗೆರೆ ಕನ್ನಡದವರಿಗೆ ಹತ್ತಿರದ್ದು. ಕರ್ನಾಟಕದಲ್ಲಿ ಸುಮಾರು ಕಾಲು ಭಾಗದಷ್ಟು ಮದುವೆಗಳು ಸಂಬಂಧದೊಳಗೇ ಆಗುತ್ತವೆ. ಅತ್ತೆ ಮಗ, ಮಾವನ ಮಗಳು, ಅಕ್ಕನ ಮಗಳು. ಸೋದರಮಾವನ ಜೊತೆ ಮದುವೆಯಾದರೆ, ಯಾವುದೇ ಒಂದು ಜೀನಿನ ಒಂದೇ ಪ್ರತಿ ಮಗುವಿಗೆ ಎರಡೂ ಕಡೆಯಿಂದ ಬರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಗ, ಮಾವನ ಮಗಳ ಜೋಡಿಯಾದರೆ 16ರಲ್ಲಿ 1. ಇದು ಕಾಯಿಲೆ ಬರುವ ಸಾಧ್ಯತೆ ಎಂದು ತಿಳಿಯಬಾರದು. ಆ ಜೀನಿನಲ್ಲಿ ದೋಷ ಇದ್ದರೆ ಮಾತ್ರ ಕಾಯಿಲೆ. ಇಲ್ಲದಿದ್ದರೆ ಏನೂ ಇಲ್ಲ. ಈ ವ್ಯತ್ಯಾಸವನ್ನು ಹೆದರಿಸದೆ, ಮುಚ್ಚಿಡದೆ ಹೇಳುವುದೇ ಈ ಕೆಲಸದ ಕಸುಬು.

ಈಗ ನ್ಯೂಜೆರ್ಸಿಯ ಯಾವುದೋ ಆಸ್ಪತ್ರೆಯಲ್ಲಿ ಒಂದು ಕನ್ನಡ ದಂಪತಿ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿಗೆ ಸೋದರಮಾವ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥ ಮದುವೆಗೆ ಕಾನೂನೇ ಒಪ್ಪುವುದಿಲ್ಲ. ಈ ವಿಷಯ ಮೊದಲ ಸಲ ಕೇಳಿದ ಕೌನ್ಸೆಲರ್ ಮುಖದಲ್ಲಿ ಕ್ಷಣಹೊತ್ತು ಏನೋ ಹಾದುಹೋಗುತ್ತದೆ. ಅಷ್ಟು ಸಾಕು. ಆ ಹೆಣ್ಣುಮಗಳು ಆಮೇಲೆ ಎಲ್ಲದಕ್ಕೂ ಒಂದೊಂದೇ ಪದದಲ್ಲಿ ಉತ್ತರ ಕೊಡುತ್ತಾಳೆ. ಚಿಕ್ಕಮ್ಮನ ಮನೆಯಲ್ಲಿ ಸಣ್ಣದರಲ್ಲೇ ತೀರಿಹೋದ ಮಗುವಿನ ಮಾತು ಹೊರಗೆ ಬರುವುದೇ ಇಲ್ಲ. ಚಿತ್ರದಲ್ಲಿ ಒಂದು ಚೌಕ ಕಾಣೆಯಾಗುತ್ತದೆ. ಪರೀಕ್ಷೆ ಎಲ್ಲಿ ಹುಡುಕಬೇಕು ಎಂಬ ಲೆಕ್ಕವೇ ತಪ್ಪಬಹುದು.

ಒಳ್ಳೆಯ ತರಬೇತಿ ಪಡೆದ ಯಾರಾದರೂ ಇದನ್ನು ಸರಿಯಾಗಿ ನಿಭಾಯಿಸಬಹುದು, ನಿಜ. ಆದರೆ ತರಗತಿಯಲ್ಲಿ ಬೇರೆ ಬೇರೆ ಮನೆತನದಿಂದ ಬಂದವರು ಇದ್ದಾಗ ಆ ತರಬೇತಿಯೇ ಬೇರೆಯಾಗುತ್ತದೆ. ಅದಕ್ಕೇ ಯಾರು ಓದಲು ಬರುತ್ತಾರೆ ಅನ್ನೋ ಪ್ರಶ್ನೆ ಬಹಳ ದೊಡ್ಡದು.

ಇಲ್ಲಿಯವರೆಗೆ ಬಂದವರು ಯಾರು?

‘ಜೆನೆಟಿಕ್ ಕೌನ್ಸೆಲಿಂಗ್’ ಎಂಬ ಪದವನ್ನು 1947ರಲ್ಲಿ ಕೊಟ್ಟವರು ಮಿನ್ನೆಸೋಟದ ವಿಜ್ಞಾನಿ ಶೆಲ್ಡನ್ ರೀಡ್. ಅವರು ಕೆಲಸ ಮಾಡುತ್ತಿದ್ದ ಸಂಸ್ಥೆ ಡೈಟ್ ಇನ್‌ಸ್ಟಿಟ್ಯೂಟ್. ಅದಕ್ಕೆ ಹಣ ಬಿಟ್ಟುಹೋಗಿದ್ದ ಚಾರ್ಲ್ಸ್ ಡೈಟ್, ‘ಒಳ್ಳೆಯ ತಳಿಯ’ ಮನುಷ್ಯರನ್ನು ಮಾತ್ರ ಬೆಳೆಸಬೇಕು ಎಂಬ ಯೂಜೆನಿಕ್ಸ್ ಚಿಂತನೆಯ ದೊಡ್ಡ ಪ್ರಚಾರಕ. ಆ ನೆರಳಿನಿಂದ ಹೊರಬರಲೆಂದೇ ರೀಡ್ ಹೊಸ ಪದ ಹುಡುಕಿದರು. ಹೇಳಿಕೊಡಬೇಕು, ತೀರ್ಮಾನ ಮಾಡಬಾರದು, ಆಯ್ಕೆ ಕುಟುಂಬದ್ದೇ. ಇಂದಿಗೂ ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲೇ ಈ ಪಾಠ ಇರುತ್ತದೆ.

ಇದನ್ನು ಓದಾಗಿ ಕಲಿಸಿದ ಮೊದಲ ಜಾಗ ನ್ಯೂಯಾರ್ಕ್ ಬಳಿಯ ಸಾರಾ ಲಾರೆನ್ಸ್ ಕಾಲೇಜು. ಮೆಲಿಸ್ಸಾ ರಿಕ್ಟರ್ ಎಂಬವರು 1969ರಲ್ಲಿ ಶುರು ಮಾಡಿದರು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಮತ್ತೆ ಓದಲು ಬಯಸುವ ಹೆಂಗಸರು ಅವರ ಮನಸ್ಸಿನಲ್ಲಿದ್ದರು. ಮೊದಲ ತಂಡ 1971ರಲ್ಲಿ ಹೊರಬಂತು. ಆ ಕಾಲಕ್ಕೆ ಅದು ದಿಟ್ಟ ಹೆಜ್ಜೆ. ಮನೆ ಮಕ್ಕಳು ಎಂದು ಓದು ನಿಲ್ಲಿಸಿದ ಹೆಂಗಸರಿಗೆ ಆಸ್ಪತ್ರೆಯೊಳಗೆ ಒಂದು ಗೌರವದ ಕೆಲಸ ಸಿಕ್ಕಿತು. ಆದರೆ ನ್ಯೂಯಾರ್ಕ್ ಬಳಿಯ ಖಾಸಗಿ ಕಾಲೇಜಿಗೆ ಹಣ ಕಟ್ಟಬಲ್ಲ ಮನೆಗಳು ಯಾವುವು ಎಂಬುದೂ ಅಲ್ಲಿಂದಲೇ ತೀರ್ಮಾನವಾಯಿತು.

ಅದರ ಗುರುತು ಇನ್ನೂ ಅಳಿಸಿಲ್ಲ. ವೃತ್ತಿಯ ರಾಷ್ಟ್ರೀಯ ಸಂಘ 1979ರಲ್ಲಿ ಹುಟ್ಟಿತು. ಅದು ಆಗಾಗ ಮಾಡುವ ಸಮೀಕ್ಷೆಗಳಲ್ಲಿ ಕಾಣುವ ಚಿತ್ರ ಹೆಚ್ಚು ಬದಲಾಗಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಹೆಂಗಸರು. ಹತ್ತರಲ್ಲಿ ಒಂಬತ್ತರ ಆಸುಪಾಸು ಬಿಳಿಯರು. ಕಪ್ಪು ಜನಾಂಗದವರು ನೂರಕ್ಕೆ ಎರಡರ ಆಸುಪಾಸು.

ಸೀಟು ಸಿಗುವ ಮೊದಲೇ ಖರ್ಚು

ಇದು ಹೀಗೇಕೆ ಎಂದು ತಿಳಿಯಲು ಅರ್ಜಿ ಹಾಕುವ ದಾರಿ ನೋಡಬೇಕು.

ಅರ್ಜಿದಾರರು ಸಾಮಾನ್ಯವಾಗಿ ಬಯಾಲಜಿ ಅಥವಾ ಸೈಕಾಲಜಿ ಓದಿದವರು. ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಆಗಿರಬೇಕು. ತಮ್ಮ ಮನೆಯಲ್ಲೇ ಜೀನಿನ ಕಾಯಿಲೆ ಕಂಡು ಈ ದಾರಿ ಹಿಡಿದವರೂ ಸಾಕಷ್ಟು. ಆದರೆ ಅಂಕ ಇದ್ದರೆ ಸಾಲದು. ಆತ್ಮಹತ್ಯೆ ತಡೆ ಸಹಾಯವಾಣಿಯಲ್ಲೋ, ದೌರ್ಜನ್ಯಕ್ಕೊಳಗಾದ ಹೆಂಗಸರ ಆಶ್ರಯದಲ್ಲೋ ತಿಂಗಳುಗಟ್ಟಲೆ ಸ್ವಯಂಸೇವೆ ಮಾಡಿರಬೇಕು. ಕೆಲಸದಲ್ಲಿರುವ ಕೌನ್ಸೆಲರ್‌ಗಳ ಜೊತೆ ಕೂತು ನೋಡಿರಬೇಕು. ಅಂಗವಿಕಲ ಮಕ್ಕಳ ಜೊತೆ ಒಡನಾಟ ಇದ್ದರೆ ಇನ್ನೂ ಒಳ್ಳೆಯದು.

ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ದುಃಖದ ಮನೆಗಳ ಜೊತೆ ಮಾತಾಡುವವರಿಗೆ ಆ ಅನುಭವ ಇರಲೇಬೇಕು ಅಲ್ವಾ? ಆದರೆ ಬಹುಪಾಲಿಗೆ ಸಂಬಳ ಇಲ್ಲ. ರಾತ್ರಿ ಅಂಗಡಿಯಲ್ಲಿ ದುಡಿದು ಕಾಲೇಜು ಮುಗಿಸುವ ಹುಡುಗಿ ಸಹಾಯವಾಣಿಗೆ ಕೂರಲು ಯಾವ ಹೊತ್ತು ತೆಗೆಯಬೇಕು? ಜೊತೆಗೆ ಕೂರಿಸಿಕೊಳ್ಳಲು ಒಪ್ಪುವ ಕೌನ್ಸೆಲರ್ ಇರುವುದು ದೊಡ್ಡ ಊರುಗಳಲ್ಲಿ. ಹಳ್ಳಿ ಕಡೆಯವರಿಗೆ ಇಂಥ ಒಂದು ಕೆಲಸ ಇದೆ ಎಂದು ಗೊತ್ತಾಗುವುದೇ ತಡ.

ಇಷ್ಟಾದ ಮೇಲೂ ಸೀಟು ಖಚಿತವಲ್ಲ. ಅಮೆರಿಕ, ಕೆನಡಾ ಸೇರಿ ಈ ಕೋರ್ಸ್ ಇರುವ ಜಾಗಗಳು 60ರ ಆಸುಪಾಸು. 2018ರಿಂದ ಇಲ್ಲಿ ‘ಮ್ಯಾಚ್’ ಪದ್ಧತಿ ಇದೆ. ಅರ್ಜಿದಾರರು ತಮಗೆ ಇಷ್ಟವಾದ ಕಾಲೇಜುಗಳನ್ನು ಸಾಲಾಗಿ ಬರೆಯುತ್ತಾರೆ, ಕಾಲೇಜುಗಳೂ ಅರ್ಜಿದಾರರನ್ನು ಹಾಗೇ ಬರೆಯುತ್ತವೆ. ಕಂಪ್ಯೂಟರ್ ಜೋಡಿಸುತ್ತದೆ. ಏಪ್ರಿಲ್‌ನಲ್ಲಿ ಫಲಿತಾಂಶ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸೀಟು ಸಿಗದ ವರ್ಷಗಳೇ ಜಾಸ್ತಿ. ಅವರು ಇನ್ನೊಂದು ವರ್ಷ ಅನುಭವ ಕೂಡಿಸಿಕೊಂಡು ಮತ್ತೆ ಬರಬೇಕು. ಆ ಒಂದು ವರ್ಷದ ಊಟ, ಬಾಡಿಗೆ ಯಾರ ಕೈಯಿಂದ ಬರುತ್ತದೆ ಎಂಬುದೇ ಪ್ರಶ್ನೆ. ಮನೆಯಲ್ಲಿ ಹಣ ಇದ್ದವರು ಎರಡು, ಮೂರು ಸಲ ಪ್ರಯತ್ನಿಸುತ್ತಾರೆ. ಇಲ್ಲದವರು ಒಂದೇ ಸಲಕ್ಕೆ ಬಿಟ್ಟುಬಿಡುತ್ತಾರೆ.

ಎರಡು ವರ್ಷ ಹೇಗೆ ಕಳೆಯುತ್ತದೆ?

ಸೇರಿದ ಮೇಲೆ ಸುಮಾರು ಎರಡು ವರ್ಷದ ಓದು. ತರಗತಿ ಅದರಲ್ಲಿ ಒಂದು ಭಾಗ ಮಾತ್ರ. ಕನಿಷ್ಠ 50 ಪ್ರಕರಣಗಳಲ್ಲಿ ವಿದ್ಯಾರ್ಥಿ ತಾನೇ ಭಾಗವಹಿಸಿರಬೇಕು ಎಂಬುದು ಮಾನ್ಯತೆ ಕೊಡುವ ಮಂಡಳಿಯ ನಿಯಮ. ಸ್ತನ ಕ್ಯಾನ್ಸರಿನ ಕ್ಲಿನಿಕ್‌ನಲ್ಲಿ ಕೆಲವು ವಾರ, ಗರ್ಭಿಣಿಯರ ಕ್ಲಿನಿಕ್‌ನಲ್ಲಿ ಕೆಲವು ವಾರ, ಮಕ್ಕಳ ವಿಭಾಗದಲ್ಲಿ ಕೆಲವು ವಾರ. ಪಕ್ಕದಲ್ಲಿ ಹಿರಿಯ ಕೌನ್ಸೆಲರ್ ಒಬ್ಬರು ಕೂತು ನೋಡುತ್ತಾರೆ. ಆಮೇಲೆ ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಾರೆ. ‘ಅವರು ಅಳುವಾಗ ನೀನು ಅಂಕಿ ಹೇಳಿದೆ. ಸುಮ್ಮನಿರಬೇಕಿತ್ತು’ ಎಂಬಂಥ ಪಾಠಗಳು ಪುಸ್ತಕದಲ್ಲಿ ಸಿಗುವುದಿಲ್ಲ.

ಈ ತರಬೇತಿಗೂ ಸಾಮಾನ್ಯವಾಗಿ ಸಂಬಳ ಇಲ್ಲ. ಎಷ್ಟೋ ಸಲ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಕೆಲವು ವಾರ ಬೇರೆ ರಾಜ್ಯದಲ್ಲಿ ಇರಬೇಕಾಗಿ ಬಂದರೆ ಎರಡು ಕಡೆ ಬಾಡಿಗೆ. ಪಕ್ಕದಲ್ಲಿ ಇನ್ನೊಂದು ಕೆಲಸ ಮಾಡುವಷ್ಟು ಬಿಡುವು ಸಿಗುವುದು ಕಷ್ಟ.

ಮನಸ್ಸಿನ ಮೇಲಿನ ಭಾರ ಬೇರೆ. 2022ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿಗೆ ಇದ್ದ ಸಂವಿಧಾನದ ರಕ್ಷಣೆ ತೆಗೆದ ಮೇಲೆ ಗರ್ಭಿಣಿಯರ ಕ್ಲಿನಿಕ್‌ನಲ್ಲಿ ಕಲಿಯುವ ವಿದ್ಯಾರ್ಥಿಗೆ ಹೊಸ ಇಕ್ಕಟ್ಟು. ಎಲ್ಲ ಆಯ್ಕೆಗಳನ್ನೂ ಕುಟುಂಬದ ಮುಂದಿಡು ಎಂದು ಪಾಠ ಹೇಳುತ್ತದೆ. ಟೆಕ್ಸಾಸ್‌ನಂಥ ರಾಜ್ಯದಲ್ಲಿ ಅದರಲ್ಲಿ ಒಂದು ಆಯ್ಕೆ ಆ ರಾಜ್ಯದೊಳಗೆ ಇಲ್ಲವೇ ಇಲ್ಲ.

ಕಪ್ಪು, ಲ್ಯಾಟಿನೊ, ಏಷ್ಯಾ ಮೂಲದ ವಿದ್ಯಾರ್ಥಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನಗಳಲ್ಲಿ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ. ತರಗತಿಯಲ್ಲಿ ತಮ್ಮಂಥವರು ತಾವೊಬ್ಬರೇ. ತಮ್ಮ ಜನಾಂಗದ ವಿಷಯ ಬಂದಾಗ ಎಲ್ಲರ ಕಣ್ಣು ತಮ್ಮ ಕಡೆ. ಪಾಠ ಕಲಿಯಲು ಬಂದವರೇ ಪಾಠ ಹೇಳಬೇಕಾದ ಸ್ಥಿತಿ. ಈ ಕೋರ್ಸುಗಳಲ್ಲಿ ಒಂದು ವರ್ಷಕ್ಕೆ ಹತ್ತು, ಹದಿನೈದು ಜನ ಇರುವುದೇ ಸಾಮಾನ್ಯ. ಅಷ್ಟು ಸಣ್ಣ ಕೋಣೆಯಲ್ಲಿ ಒಬ್ಬರೇ ಬೇರೆಯಾಗಿರುವುದು ಹೇಗಿರುತ್ತದೆ ಎಂದು ಊಹಿಸಬಹುದು.

ಇದನ್ನು ಸರಿಪಡಿಸುವ ಪ್ರಯತ್ನಗಳೂ ನಡೆದಿವೆ. 2021ರಲ್ಲಿ ವಾರನ್ ಆಲ್ಪರ್ಟ್ ಫೌಂಡೇಶನ್ 95 ಲಕ್ಷ ಡಾಲರ್ ಕೊಟ್ಟಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಐದು ಕೋರ್ಸುಗಳು ಸೇರಿ, ಈ ವೃತ್ತಿಯಲ್ಲಿ ಕಡಿಮೆ ಇರುವ ಸಮುದಾಯಗಳ 40 ವಿದ್ಯಾರ್ಥಿಗಳಿಗೆ ಐದು ವರ್ಷದ ಅವಧಿಯಲ್ಲಿ ಪೂರ್ತಿ ಫೀಸು ಕೊಡುವ ಯೋಜನೆ ಅದು. ಹಣದ ಅಡ್ಡಿ ಎಷ್ಟು ದೊಡ್ಡದು ಎಂದು ವೃತ್ತಿಯವರಿಗೇ ಗೊತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ 40 ಸೀಟು ಅಂದರೆ 40 ಸೀಟು ಅಷ್ಟೇ.

ಲೆಕ್ಕ ಹಾಕಿ ನೋಡೋಣ

ಒಂದು ಖಾಸಗಿ ಕಾಲೇಜಿನ ವರ್ಷದ ಫೀಸು 35,000 ಡಾಲರ್, ಬಾಡಿಗೆ, ಊಟ, ವಿಮೆ, ಓಡಾಟ ಸೇರಿ 25,000 ಡಾಲರ್ ಎಂದಿಟ್ಟುಕೊಳ್ಳಿ. ಎರಡು ವರ್ಷಕ್ಕೆ 1,20,000 ಡಾಲರ್. ಹಳೆಯ ನಿಯಮದಲ್ಲಿ ಈ ಪೂರ್ತಿ ಮೊತ್ತಕ್ಕೆ ಸರ್ಕಾರಿ ಸಾಲ ಸಿಗುತ್ತಿತ್ತು. ‘ಪ್ರೊಫೆಷನಲ್’ ಪಟ್ಟಿಗೆ ಬಂದಿದ್ದರೆ 1 ಲಕ್ಷ ಡಾಲರ್ ಸಿಗುತ್ತಿತ್ತು. ಈಗ ಸಿಗುವುದು 41,000 ಡಾಲರ್. ಉಳಿದ 79,000 ಡಾಲರ್ ಎಲ್ಲಿಂದಲಾದರೂ ಬರಬೇಕು.

ಅಲ್ಲಿ ಬರುವುದು ಖಾಸಗಿ ಬ್ಯಾಂಕ್. ಬ್ಯಾಂಕ್ ಎರಡು ವಿಷಯ ನೋಡುತ್ತದೆ: ನಿಮ್ಮ ಹಳೆಯ ಸಾಲದ ಇತಿಹಾಸ, ನಿಮಗೆ ಜಾಮೀನು ನಿಲ್ಲುವವರು. ಅಪ್ಪ ಅಮ್ಮನಿಗೆ ಒಳ್ಳೆಯ ಆದಾಯ ಇದ್ದರೆ ಕಡಿಮೆ ಬಡ್ಡಿ. ಇಲ್ಲದಿದ್ದರೆ ಹೆಚ್ಚು ಬಡ್ಡಿ, ಅಥವಾ ಸಾಲವೇ ಇಲ್ಲ. ಗ್ರ್ಯಾಡ್ ಪ್ಲಸ್‌ನ ಬಡ್ಡಿ ಕಡಿಮೆಯೇನೂ ಇರಲಿಲ್ಲ. 2025–26ರಲ್ಲಿ ಅದು ಶೇ. 8.94. ಆದರೆ ಶ್ರೀಮಂತರ ಮಗಳಿಗೂ ಬಡವರ ಮಗಳಿಗೂ ಒಂದೇ ದರ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಲಾಭದ ಉದ್ದೇಶ ಇಲ್ಲದ ಆಸ್ಪತ್ರೆಯಲ್ಲಿ ಅಥವಾ ಸರ್ಕಾರಿ ಕೆಲಸದಲ್ಲಿ ಹತ್ತು ವರ್ಷ ಕಂತು ಕಟ್ಟಿದರೆ ಉಳಿದ ಸರ್ಕಾರಿ ಸಾಲ ಮನ್ನಾ ಆಗುವ ಯೋಜನೆ ಅಮೆರಿಕದಲ್ಲಿದೆ. ಖಾಸಗಿ ಸಾಲಕ್ಕೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಬಡ ರೋಗಿಗಳು ಬರುವ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ದುಡಿಯಲು ಇದ್ದ ಒಂದು ದೊಡ್ಡ ಕಾರಣವೇ ಸಣ್ಣದಾಗುತ್ತದೆ.

ಅರೆಕಾಲಿಕವಾಗಿ ಓದಿ, ಜೊತೆಗೆ ದುಡಿದರೆ? ಹೊಸ ಕಾಯ್ದೆಯಲ್ಲಿ ಅರೆಕಾಲಿಕ ವಿದ್ಯಾರ್ಥಿಯ ಸಾಲದ ಮಿತಿ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಆ ದಾರಿಯೂ ಕಿರಿದು.

ಸಂಬಳ ಬಂದ ಮೇಲೆ ತೀರಿಸಬಹುದಲ್ಲ ಎನ್ನಬಹುದು. ಸರ್ಕಾರಿ ಅಂಕಿಅಂಶದ ಪ್ರಕಾರ ಈ ವೃತ್ತಿಯ ನಡುಮಟ್ಟದ ಸಂಬಳ ವರ್ಷಕ್ಕೆ 95,000 ಡಾಲರ್ ದಾಟಿದೆ. ಒಳ್ಳೆಯ ಸಂಬಳವೇ. ಆದರೆ ಡಾಕ್ಟರ್‌ಗಳ ಹಾಗೆ ಮುಂದೆ ಎರಡು ಪಟ್ಟು, ಮೂರು ಪಟ್ಟು ಏರುವುದಿಲ್ಲ. ಅದಕ್ಕೊಂದು ಕಾರಣ ಮೆಡಿಕೇರ್. ಹಿರಿಯ ನಾಗರಿಕರ ಈ ಸರ್ಕಾರಿ ವಿಮೆ ಜೆನೆಟಿಕ್ ಕೌನ್ಸೆಲರ್‌ಗಳನ್ನು ನೇರವಾಗಿ ಬಿಲ್ ಮಾಡಬಲ್ಲವರೆಂದು ಇನ್ನೂ ಒಪ್ಪಿಲ್ಲ. ಒಪ್ಪಿಸುವ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿದೆ, ಪಾಸಾಗಿಲ್ಲ. ಬಿಲ್ ಆಗದ ಕೆಲಸಕ್ಕೆ ಆಸ್ಪತ್ರೆ ಹುದ್ದೆ ಹೆಚ್ಚಿಸುವುದಿಲ್ಲ. ಹುದ್ದೆ ಇಲ್ಲದ ಕಡೆ ವಿದ್ಯಾರ್ಥಿಗೆ ಕಲಿಸುವ ಹಿರಿಯರೂ ಇರುವುದಿಲ್ಲ.

ಎರಡೂ ಕಡೆಯ ಮಾತು

ಸರ್ಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಶಿಕ್ಷಣ ಇಲಾಖೆ ಹೇಳುವುದು ಇಷ್ಟು. ಇದು ಯಾವ ವೃತ್ತಿಯ ಘನತೆಯನ್ನೂ ಅಳೆಯುವ ಪಟ್ಟಿ ಅಲ್ಲ, ಸಾಲ ಹಂಚಲು ಮಾಡಿಕೊಂಡ ವಿಂಗಡಣೆ. ಎಷ್ಟು ಬೇಕಾದರೂ ಸಾಲ ಸಿಗುತ್ತದೆ ಎಂದಾಗ ಕಾಲೇಜುಗಳು ಫೀಸು ಏರಿಸುತ್ತಾ ಹೋದವು. ಮಿತಿ ಹಾಕಿದರೆ ಇಳಿಸಲೇಬೇಕಾಗುತ್ತದೆ.

ಇದಕ್ಕೆ ಆಧಾರವೂ ಇದೆ. ಗ್ರ್ಯಾಡ್ ಪ್ಲಸ್ ಸಾಲ 2006ರಲ್ಲಿ ಶುರುವಾಯಿತು. ಅದರ ಪರಿಣಾಮವನ್ನು ಅಳೆದ 2023ರ ಒಂದು ಅರ್ಥಶಾಸ್ತ್ರದ ಅಧ್ಯಯನ ಎರಡು ವಿಷಯ ಕಂಡಿತು. ಸಾಲ ಬಂದ ಮೇಲೆ ಕೋರ್ಸುಗಳ ಬೆಲೆ ಏರಿತು. ಹಿಂದುಳಿದ ಸಮುದಾಯಗಳ ಪ್ರವೇಶ ಮಾತ್ರ ಹೆಚ್ಚಾದ ಗುರುತು ಸಿಗಲಿಲ್ಲ. ಸುಮಾರು ಇಪ್ಪತ್ತು ವರ್ಷ ಈ ಸಾಲ ಇದ್ದರೂ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲಿ ಹತ್ತಕ್ಕೆ ಒಂಬತ್ತು ಬಿಳಿಯರೇ ಇದ್ದಾರೆ ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ವಿರೋಧಿಸುವವರ ಮಾತು ಬೇರೆ. ಸಾಲ ಮೊದಲು ನಿಂತು, ಫೀಸು ಆಮೇಲೆ ಎಂದಾದರೂ ಇಳಿದರೆ ನಡುವಿನ ವರ್ಷಗಳಲ್ಲಿ ಅರ್ಜಿ ಹಾಕುವವರು ಏನು ಮಾಡಬೇಕು? ಫೀಸು ಇಳಿಸುವ ಶಕ್ತಿ ಎಲ್ಲ ಕೋರ್ಸಿಗೂ ಒಂದೇ ಥರ ಇದೆಯಾ?

ನನಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯ ಅನಿಸುತ್ತದೆ. ಇನ್ನೂರು ಜನ ಕೂರುವ ಎಂಬಿಎ ತರಗತಿ ಫೀಸು ಇಳಿಸಿ, ಐವತ್ತು ಜನರನ್ನು ಹೆಚ್ಚು ಸೇರಿಸಿಕೊಂಡು ಸರಿದೂಗಿಸಬಹುದು. ಹನ್ನೆರಡು ಜನರ ಕೌನ್ಸೆಲಿಂಗ್ ಕೋರ್ಸ್ ಹಾಗೆ ಮಾಡಲಾರದು. ಪ್ರತಿ ವಿದ್ಯಾರ್ಥಿಗೂ 50 ಪ್ರಕರಣ ಬೇಕು, ಪ್ರತಿ ಪ್ರಕರಣದಲ್ಲೂ ಪಕ್ಕದಲ್ಲಿ ಒಬ್ಬ ಹಿರಿಯರು ಕೂರಬೇಕು. ಅವರು ದಿನದ ಕೆಲಸದ ನಡುವೆ, ಹೆಚ್ಚಾಗಿ ಬೇರೆ ಸಂಭಾವನೆ ಇಲ್ಲದೆ ಕಲಿಸುತ್ತಾರೆ. ಸೀಟು ಹೆಚ್ಚಿಸಲು ಆಗದ ಕಡೆ ಫೀಸು ಇಳಿಸುವ ಒತ್ತಡ ಬಂದರೆ ಕೋರ್ಸೇ ಮುಚ್ಚಬಹುದು. ಇನ್ನೊಂದು ಸಾಧ್ಯತೆ, ಫೀಸು ಹಾಗೇ ಉಳಿದು, ಕಟ್ಟಬಲ್ಲವರು ಮಾತ್ರ ಬರುವುದು. ಸೀಟಿಗಿಂತ ಅರ್ಜಿಗಳೇ ಜಾಸ್ತಿ ಇರುವುದರಿಂದ ಸೀಟಂತೂ ಖಾಲಿ ಬೀಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಏನೂ ಆಗಿಲ್ಲ ಎಂದೇ ಕಾಣುತ್ತದೆ. ಕುರ್ಚಿ ತುಂಬಿರುತ್ತದೆ, ಕೂತವರು ಬೇರೆಯಾಗಿರುತ್ತಾರೆ.

ರೋಗಿಗೆ ಏನಾಗುತ್ತದೆ?

ಜೀನ್ ಪರೀಕ್ಷೆಯ ಫಲಿತಾಂಶ ಯಾವಾಗಲೂ ‘ಇದೆ’ ಅಥವಾ ‘ಇಲ್ಲ’ ಎಂದು ಬರುವುದಿಲ್ಲ. ‘ಬದಲಾವಣೆ ಕಂಡಿದೆ, ಅದರ ಅರ್ಥ ಖಚಿತವಿಲ್ಲ’ ಎಂಬ ಮೂರನೆಯ ಉತ್ತರವೂ ಇದೆ. ಪ್ರಪಂಚದ ಜೀನ್ ದಾಖಲೆಗಳಲ್ಲಿ ಯುರೋಪ್ ಮೂಲದವರದ್ದೇ ಹೆಚ್ಚು. ಹಾಗಾಗಿ ಆಫ್ರಿಕ, ಏಷ್ಯಾ ಮೂಲದವರಿಗೆ ಈ ಖಚಿತವಿಲ್ಲದ ಉತ್ತರ ಜಾಸ್ತಿ ಬರುತ್ತದೆ. ಭಾರತದ 10,000 ಜನರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳತ್ವ ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನದು. 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದ ಆ ದತ್ತಾಂಶ ಈ ಕೊರತೆಯನ್ನು ಸ್ವಲ್ಪ ಸ್ವಲ್ಪವೇ ತುಂಬಬೇಕು.

ಅದು ತುಂಬುವವರೆಗೆ ಖಚಿತವಿಲ್ಲದ ಉತ್ತರವನ್ನು ಮನುಷ್ಯರೇ ಮನುಷ್ಯರಿಗೆ ವಿವರಿಸಬೇಕು. ಯಾವ ಸಮುದಾಯಗಳಿಗೆ ಜಾಸ್ತಿ ವಿವರಣೆ ಬೇಕೋ ಆ ಸಮುದಾಯಗಳಿಂದಲೇ ಕೌನ್ಸೆಲರ್‌ಗಳು ಕಡಿಮೆ. ಭಾಷೆಯ ತೊಡಕೂ ಇದರಲ್ಲಿದೆ. ದೋಷದ ಜೀನಿನ ಒಂದು ಪ್ರತಿ ಇದ್ದು, ಸಾಮಾನ್ಯವಾಗಿ ತಮಗೆ ಕಾಯಿಲೆ ಇಲ್ಲದವರನ್ನು ‘ಕ್ಯಾರಿಯರ್’ ಎನ್ನುತ್ತಾರೆ. ‘ನೀವು ಕ್ಯಾರಿಯರ್’ ಎಂದರೆ ‘ನನಗೆ ಕಾಯಿಲೆ ಇದೆ’ ಎಂದು ತಿಳಿದು ಕಂಗಾಲಾಗುವವರು ಬಹಳ. ದುಭಾಷಿ ಪದವನ್ನು ಬದಲಿಸಿಕೊಡುತ್ತಾರೆ. ಅತ್ತೆ, ನಾದಿನಿ ಇರುವ ಮನೆಯಲ್ಲಿ ಆ ಪದ ಸೊಸೆಯ ತಲೆಗೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಬದಲಿಸಿಕೊಡಲಾರರು.

ಮನೆಯವರು ಬಿಚ್ಚಿ ಹೇಳುವ ವಂಶವೃಕ್ಷ ಎಷ್ಟು ಮುಖ್ಯ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ನೋವಿನ ಉದಾಹರಣೆ ಇದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲುಗಳು ಸವೆದು ಜನ ನಡೆಯಲಾರದೆ ಹೋದರು. ಗದ್ದೆಯ ಏಡಿ ತಿಂದದ್ದಕ್ಕೆ, ಕೀಟನಾಶಕದ ವಿಷಕ್ಕೆ ಹೀಗಾಯಿತು ಎಂಬ ಅನುಮಾನ ಬಹುಕಾಲ ಉಳಿಯಿತು. ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ಕಾಯಿಲೆ ಎಂದು ಆಮೇಲೆ ಗೊತ್ತಾಯಿತು. ಅದನ್ನು ತೋರಿಸಿಕೊಟ್ಟದ್ದರಲ್ಲಿ ಮನೆ ಮನೆಯ ವಂಶವೃಕ್ಷದ ಪಾಲು ದೊಡ್ಡದು.

ಈಗ ಓದಲು ಹೊರಟವರು ನೋಡಬೇಕಾದದ್ದು

ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಅಮೆರಿಕದ ಸರ್ಕಾರಿ ಸಾಲ ಮೊದಲೂ ಇರಲಿಲ್ಲ. ಆದ್ದರಿಂದ ಈ ನಿಯಮ ಅವರನ್ನು ನೇರವಾಗಿ ಮುಟ್ಟುವುದಿಲ್ಲ. ಆದರೆ ಕಾಲೇಜಿನ ಸ್ಕಾಲರ್‌ಶಿಪ್ ಹಣಕ್ಕೆ ಅಲ್ಲಿನ ವಿದ್ಯಾರ್ಥಿಗಳ ಬೇಡಿಕೆ ಹೆಚ್ಚುವುದರಿಂದ ಇವರಿಗೆ ಸಿಗುವ ಪಾಲು ಕಡಿಮೆಯಾಗಬಹುದು.

ಅಲ್ಲೇ ಹುಟ್ಟಿ ಬೆಳೆದ, ಅಥವಾ ಗ್ರೀನ್ ಕಾರ್ಡ್ ಇರುವ ಕನ್ನಡದ ಮಕ್ಕಳಿಗೆ ದಿನಾಂಕ ಮುಖ್ಯ. 2026ರ ಜೂನ್ 30ರೊಳಗೆ ಕೋರ್ಸಿಗೆ ಸೇರಿ, ಆ ಕೋರ್ಸಿಗೆಂದು ಸರ್ಕಾರಿ ಸಾಲ ಪಡೆದವರು ಹಳೆಯ ನಿಯಮದಲ್ಲೇ ಮುಂದುವರಿಯಬಹುದು. ಹೆಚ್ಚೆಂದರೆ ಮೂರು ವರ್ಷ, ಅಥವಾ ಓದು ಮುಗಿಯುವ ತನಕ, ಯಾವುದು ಮೊದಲೋ ಅದು. ಏಪ್ರಿಲ್‌ನಲ್ಲಿ ಮ್ಯಾಚ್ ಆಗಿ ಆಗಸ್ಟ್‌ನಲ್ಲಿ ತರಗತಿ ಶುರು ಮಾಡುವವರು ಈ ಗಡಿಯ ಆಚೆ ಬೀಳುತ್ತಾರೆ.

ಅವರು ಸಂದರ್ಶನದಲ್ಲಿ ಕೋರ್ಸಿನವರನ್ನು ಹಿಂಜರಿಯದೆ ಕೇಳಬಹುದು: ಎರಡು ವರ್ಷದ ಒಟ್ಟು ಖರ್ಚು ಎಷ್ಟು, ಬೇಸಿಗೆ ತರಬೇತಿಗೆ ಬೇರೆ ಊರಿಗೆ ಹೋದರೆ ಬಾಡಿಗೆ ಯಾರದು, ಕಳೆದ ತಂಡದಲ್ಲಿ ಎಷ್ಟು ಜನಕ್ಕೆ ಫೀಸಿನಲ್ಲಿ ರಿಯಾಯಿತಿ ಸಿಕ್ಕಿತು, ಹಣದ ಕಾರಣಕ್ಕೆ ಯಾರಾದರೂ ಅರ್ಧಕ್ಕೆ ಬಿಟ್ಟರಾ. ಮ್ಯಾಚ್‌ನಲ್ಲಿ ಕಾಲೇಜುಗಳನ್ನು ಸಾಲಾಗಿ ಬರೆದು ಕೊಡುವ ಮೊದಲೇ ಇವಕ್ಕೆ ಉತ್ತರ ಬೇಕು. ಫಲಿತಾಂಶ ಬಂದ ಮೇಲೆ ಕಾಲೇಜು ಬದಲಿಸುವಂತಿಲ್ಲ.